ಹಿತ್ತಿಲಿನ ನೆಲಕ್ಕೆ ಕವಳಿಯ ಹೊದಿಕೆ



ಥಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿಮುಂಬಯಿಗಳಲ್ಲಿ ಮಳೆಗೆ ಕೊರತೆಯಿಲ್ಲ. ಆದರೆ ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 4 ತಿಂಗಳಲ್ಲಿಯೇ ಸುರಿದುಹೋಗುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರನ್ನೇ ಅಳೆದು ಬಳಸಬೇಕಾದ ವಸತಿ ಸಮುಚ್ಚಯಗಳಲ್ಲಿ ಹುಲ್ಲುಹಾಸಿಗೆ ನಿತ್ಯ ನೀರುಣಿಸುವುದು ಎಷ್ಟರಮಟ್ಟಿಗೆ ಉಚಿತ? ಹಾಗೆಂದು ನೆಲವನ್ನು ಬರಿದಾಗಿ ಬಿಟ್ಟರೆ ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಮಣ್ಣಿನ ಸವಕಳಿ. ಇದಕ್ಕೆ ಪರಿಹಾರ ಸಮೀಪದ ಸಹ್ಯಾದ್ರಿಯ ಗುಡ್ಡಗಳಲ್ಲಿಯೇ ಬೆಳೆದಿದೆ.

ಮರಾಠಿಗರ ಕರವಂದವೇ ನಮ್ಮ ಕವಳಿ. ಕರಾವಳಿಯವರಿಗೆ ಇದು ಕರಂಡೆ. ಸಸ್ಯಶಾಸ್ತ್ರಜ್ಞರು ಇದನ್ನು ಕ್ಯಾರಿಸ್ಸಾ ಕರಂಡಾಸ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ‘ಬೆಂಗಾಲ್ ಕರಂಟ್’ ಎಂಬ ಹೆಸರಿದ್ದರೂ ಪಶ್ಚಿಮ ದೇಶಗಳ ಕರಂಟ್ ಹಣ್ಣಿಗೂ ಇದಕ್ಕೂ ನಂಟಿಲ್ಲ. ಇದು ಕಣಗಿಲೆಯ ಕುಟುಂಬಕ್ಕೆ ಸೇರಿದ ನಿತ್ಯಹರಿದ್ವರ್ಣದ ಮುಳ್ಳುಪೊದೆ. ಇದರ ಬೇರು ಕಲ್ಲುನೆಲದಲ್ಲಿಯೂ ಮಣ್ಣನ್ನು ಹಿಡಿದಿಡುತ್ತದೆ.

ಸ್ವಾಭಾವಿಕವಾಗಿ ಈ ಪೊದೆ 2–3 ಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಆದುದರಿಂದ ನೆಲಹೊದಿಕೆಯಾಗಿ ಬೆಳೆಸುವವರು ವರ್ಷಕ್ಕೆರಡು ಬಾರಿ ಸವರಿ, ಮೊಣಕಾಲೆತ್ತರದಲ್ಲಿ ಇರಿಸಬೇಕು. ಹೀಗೆ ಸವರಿದ ಗಿಡಗಳಲ್ಲಿ ಹಣ್ಣು ಕಡಿಮೆ. ಹಣ್ಣೂ ಬೇಕೆನ್ನುವವರು ಅಂಚಿನ ಕೆಲವು ಗಿಡಗಳನ್ನು ಸವರದೆ ಬಿಡಬಹುದು. ದೊಡ್ಡ ಹಣ್ಣಿಗಾಗಿ ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠದ ‘ಕೊಂಕಣ ಬೋಲ್ಡ್’ ತಳಿ ಇದೆ.

ಬೀಜವನ್ನು ಮಾಗಿದ ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಬೇಕು. ತಡವಾದರೆ ಮೊಳೆಯುವ ಶಕ್ತಿ ಕುಂದುತ್ತದೆ. ಸಸಿ ನಿಧಾನವಾಗಿ ಬೆಳೆಯುವುದರಿಂದ ಮರುವರ್ಷದ ಮುಂಗಾರಿನಲ್ಲಿ ನೆಡುವುದು ಲೇಸು. 30 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಕೊಟ್ಟಿಗೆ ಗೊಬ್ಬರ ಬೆರೆಸಿ, 60 ಸೆಂಟಿಮೀಟರ್ ಅಂತರದಲ್ಲಿ ನೆಡಬೇಕು. ಮೊದಲ ಎರಡು ಬೇಸಿಗೆಗಳಲ್ಲಿ ವಾರಕ್ಕೊಮ್ಮೆ ನೀರುಣಿಸಿ, ಬುಡಕ್ಕೆ ಒಣ ಎಲೆಗಳನ್ನು ಹರಡಬೇಕು. ಬೇರೂರಿದ ಮೇಲೆ ಮಳೆಯ ನೀರೇ ಅದಕ್ಕೆ ಬಹುಮಟ್ಟಿಗೆ ಸಾಕು.

ಎರಡು ಎಚ್ಚರಿಕೆಗಳು ಅವಶ್ಯ. ನೀರು ನಿಲ್ಲುವ ಜಾಗದಲ್ಲಿ ಕವಳಿ ಏಳಿಗೆಯಾಗದು. ಆದ್ದರಿಂದ ಖಾಡಿಯಂಚಿನ ತಗ್ಗು ಪ್ರದೇಶಕ್ಕೆ ಇದು ಸಲ್ಲದು. ಮುಳ್ಳು ಹರಿತವಾದುದರಿಂದ ಮಕ್ಕಳು ಆಡುವೆಡೆಯಲ್ಲಿಯೂ ನೆಡಬಾರದು. ಇಳಿಜಾರು, ಆವರಣ ಗೋಡೆಯ ಬುಡ, ಜನ ತುಳಿಯದ ಮೂಲೆ ಇವು ಇದಕ್ಕೆ ತಕ್ಕ ತಾಣಗಳು.

ಬಿಳಿಯ ಹೂ ಮಲ್ಲಿಗೆಯಂತೆ ಕಂಪು ಬೀರುತ್ತದೆ. ಎಳೆಯ ಕಾಯಿ ಉಪ್ಪಿನಕಾಯಿಗೆ ಒದಗುತ್ತದೆ. ಪೆಕ್ಟಿನ್ ಅಂಶವಿರುವುದರಿಂದ ಜೆಲ್ಲಿ ತಯಾರಿಕೆಗೂ ಅನುಕೂಲ.

ಕೊನೆಯದಾಗಿ ಒಂದು ವಿನಂತಿ. ಏಪ್ರಿಲ್–ಮೇ ತಿಂಗಳಲ್ಲಿ ಆದಿವಾಸಿ ಮಹಿಳೆಯರು ಗುಡ್ಡದ ಕವಳಿಯನ್ನು ಪೇಟೆಗೆ ತಂದು ಮಾರುತ್ತಾರೆ. ಆ ಪೊದೆಗಳೇ ಅವರಿಗೆ ಬೇಸಿಗೆಯ ಆದಾಯದ ಆಸರೆ. ಉದ್ಯಾನದ ಅಂದಕ್ಕಾಗಿ ಕಾಡಿನ ಗಿಡವನ್ನು ಯಾರೂ ಕೀಳಬಾರದು. ಅವರಿಂದ ಹಣ್ಣನ್ನು ಕೊಂಡು ತಿಂದು, ಬೀಜವನ್ನು ಎಸೆಯದೆ ಬಿತ್ತಿದರೆ ಕಾಡೂ ಉಳಿಯುತ್ತದೆ, ಅಂಗಳವೂ ಹಸಿರಾಗುತ್ತದೆ, ಕೊಡಗಟ್ಟಲೆ ನೀರೂ ಉಳಿತಾಯವಾಗುತ್ತದೆ.