ನಳಿಕೆ ತೆಗೆದ ಮೇಲೆ ಎಷ್ಟು ಹೊತ್ತು ಮಲಗಬೇಕು?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ತಪಾಸಣಾ ಶಿಬಿರದಲ್ಲಿ, ಹೃದ್ರೋಗ ವಾರ್ಡಿನ ದಾದಿಯರ ಪರವಾಗಿ ಮಾಡಿದ ಭಾಷಣದ ಬರಹರೂಪ)



ಇಪ್ಪತ್ತೈದು ವರ್ಷ ಒಂದು ಹಾಲಿನ ಸಂಘವನ್ನು ಜಗಳವಿಲ್ಲದೆ ನಡೆಸಿಕೊಂಡು ಬರುವುದು ಸಣ್ಣ ಮಾತಲ್ಲ. (ಹಿಂದಿನ ಸಾಲಿನಲ್ಲಿ ಯಾರೋ ನಗ್ತಾ ಇದ್ದಾರೆ. ಜಗಳ ಇತ್ತು ಅಂತ ಕಾಣುತ್ತೆ, ಇರಲಿ.) ಇಂಥ ಸಂತೋಷದ ದಿನ ನಮ್ಮನ್ನು ಕರೆದು ನಾಲ್ಕು ಮಾತಾಡಿ ಎಂದಿದ್ದೀರಿ. ಹೃದಯದ ದೊಡ್ಡ ವಿಷಯಗಳನ್ನು ಹೇಳುವುದಕ್ಕೆ ಡಾಕ್ಟರುಗಳಿದ್ದಾರೆ. ನಾವು ದಾದಿಯರು. ನಾವು ಹೇಳುವುದು ಹಾಸಿಗೆಯ ಪಕ್ಕದ ಮಾತು. ಆಂಜಿಯೋಗ್ರಾಮ್ ಆಗಿ, ಇಲ್ಲವೇ ಸ್ಟೆಂಟ್ ಹಾಕಿಸಿಕೊಂಡು ವಾರ್ಡಿಗೆ ಬಂದ ಮೇಲೆ ರೋಗಿ ಹೇಗೆ ಮಲಗಬೇಕು, ಯಾವಾಗ ಏಳಬೇಕು, ಮನೆಯವರು ಏನು ಮಾಡಬೇಕು ಎನ್ನುವುದು ಇವತ್ತಿನ ವಿಷಯ.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆ ಗೊತ್ತೇ ಇದೆ. 2003ರಲ್ಲಿ ಜಾರಿಗೆ ಬಂತು, 2018ರಲ್ಲಿ ನಿಂತಿತು, 2022ರ ಕೊನೆಯಲ್ಲಿ ಮತ್ತೆ ನೋಂದಣಿ ಶುರುವಾಯಿತು. ಕಾರ್ಡು ಹಿಡಿದು ಬರುವ ರೈತ ಕುಟುಂಬಗಳನ್ನು ನಾವು ಬಹಳ ನೋಡಿದ್ದೇವೆ. ಕಾಗದಪತ್ರವನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ತಂದಿರುತ್ತಾರೆ. ಖರ್ಚಿನ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತಾರೆ. ಆದರೆ "ಸಿಸ್ಟರ್, ನಮ್ಮಪ್ಪ ಯಾವಾಗ ಎದ್ದು ಕೂರಬಹುದು?" ಅಂತ ಕೇಳುವವರು ಅಪರೂಪ. ಹೃದಯದ ಕೆಲಸ ಆಗಿದೆ ಅಂದ ಮೇಲೆ ಅಲ್ಲಾಡಲೇಬಾರದು ಎಂದು ಅವರೇ ತೀರ್ಮಾನ ಮಾಡಿಕೊಂಡುಬಿಟ್ಟಿರುತ್ತಾರೆ.

ಮೊದಲು ಒಂದು ವಿಷಯ ತಿಳಿಸಿಬಿಡುತ್ತೇವೆ. ಆಂಜಿಯೋಗ್ರಾಮ್ ಆದ ಮೇಲೆ ನಿಮ್ಮನ್ನು ಮಲಗಿಸುವುದು ಹೃದಯಕ್ಕೋಸ್ಕರ ಅಲ್ಲ. ತೊಡೆಸಂದಿನಲ್ಲಿ ಮಾಡಿದ ತೂತಿಗೋಸ್ಕರ. ಅಲ್ಲಿಂದ ಸುಮಾರು ಎರಡು ಮಿಲಿಮೀಟರ್ ದಪ್ಪದ ನಳಿಕೆಯನ್ನು ರಕ್ತನಾಳದೊಳಗೆ ತೂರಿಸಿ ಹೃದಯದ ತನಕ ಕೊಂಡೊಯ್ಯುತ್ತಾರೆ. ಇಂಜೆಕ್ಷನ್ ಮಾಡುವ ಸಿರೆಯಲ್ಲಿ ರಕ್ತ ಕಾಲುವೆ ನೀರಿನ ಹಾಗೆ ಸಾವಕಾಶವಾಗಿ ಹರಿಯುತ್ತದೆ. ನಳಿಕೆ ಹಾಕುವ ಅಪಧಮನಿಯಲ್ಲಿ ಹಾಗಲ್ಲ, ಪಂಪ್‌ಸೆಟ್ಟಿನಿಂದ ಹೊರಟ ನೀರಿನ ರಭಸ ಅದು. ಪೈಪಿಗೆ ತೂತಾದರೆ ಏನಾಗುತ್ತದೆಂದು ನಿಮಗೆ ನಾವು ಹೇಳಬೇಕಾಗಿಲ್ಲ. ಅದಕ್ಕೇ ನಳಿಕೆ ತೆಗೆದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಕೈಯಿಂದ ಅದುಮಿ ಹಿಡಿಯುತ್ತೇವೆ. ತೂತಿನ ಬಾಯಿಗೆ ರಕ್ತ ಹೆಪ್ಪುಗಟ್ಟಿ ಮುಚ್ಚಳ ಬೀಳಬೇಕು. ಆ ಮುಚ್ಚಳ ಗಟ್ಟಿಯಾಗುವ ತನಕ ಆ ಕಾಲನ್ನು ಮಡಿಸಬಾರದು. ಇಷ್ಟೇ ವಿಷಯ. ಸ್ಟೆಂಟ್ ಹಾಕುವಾಗ ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಕೊಟ್ಟಿರುತ್ತಾರೆ. ಅದರ ಪ್ರಭಾವ ಇಳಿಯುವ ತನಕ ತೊಡೆಯ ಕೊಳವೆಯನ್ನು ತೆಗೆಯದೆ ಬಿಡುವುದುಂಟು. ಆದ್ದರಿಂದ ಅವರು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಮಲಗಬೇಕಾಗುತ್ತದೆ.

ಈಗ ನಮ್ಮದೇ ತಪ್ಪೊಂದನ್ನು ಹೇಳುತ್ತೇವೆ. ಬಹಳ ಹಿಂದಿನ ಮಾತು. ನಿಮ್ಮ ಊರಿನಂಥದೇ ಊರಿನಿಂದ ಒಬ್ಬ ಹಿರಿಯರು ಬಂದಿದ್ದರು, ಎಪ್ಪತ್ತರ ಹತ್ತಿರ ವಯಸ್ಸು. ತೊಡೆಯಿಂದ ಆಂಜಿಯೋಗ್ರಾಮ್ ಆಯಿತು. "ಯಜಮಾನರೇ, ಕಾಲು ಅಲ್ಲಾಡಿಸಬೇಡಿ" ಎಂದು ಹೇಳಿ ತೊಡೆಯ ಮೇಲೆ ಮರಳಿನ ಚೀಲ ಇಟ್ಟು ನಾವು ಮುಂದಿನ ಹಾಸಿಗೆಗೆ ಹೋದೆವು. ಮಧ್ಯಾಹ್ನ ಹೋಗಿ ನೋಡಿದರೆ ಸುಮ್ಮನೆ ಮಲಗಿದ್ದರು. ಏನಾದರೂ ತೊಂದರೆಯೇ ಎಂದರೆ ಇಲ್ಲ ಎಂದರು. ಒಳ್ಳೆಯ ರೋಗಿ ಎಂದುಕೊಂಡೆವು. ಸಂಜೆಗೆ ಬಿ.ಪಿ. ಏರಿತು, ಮೈಯೆಲ್ಲ ಬೆವರು. ಹೊದಿಕೆ ಸರಿಸಿ ನೋಡಿದರೆ ಕಿಬ್ಬೊಟ್ಟೆ ಉಬ್ಬಿಕೊಂಡಿದೆ. ಬೆಳಗಿನಿಂದ ಮೂತ್ರ ಮಾಡಿರಲಿಲ್ಲ. ಪಕ್ಕದಲ್ಲಿ ಸೊಸೆ ಕೂತಿದ್ದಾಳೆ, ಅವಳೆದುರಿಗೆ ಮಲಗಿಕೊಂಡು ಹೇಗೆ ಮಾಡುವುದು? ಮೂತ್ರ ಬಂದೀತೆಂದು ನೀರನ್ನೂ ಕುಡಿದಿರಲಿಲ್ಲ. ಬೆನ್ನು ಮರಗಟ್ಟಿ ಹೋಗಿತ್ತು. ಕೊನೆಗೆ ಮೂತ್ರಕ್ಕೆ ಬೇರೆ ನಳಿಕೆ ಹಾಕಬೇಕಾಯಿತು. ಹೃದಯಕ್ಕೆ ಹಾಕಿದ ನಳಿಕೆಗಿಂತ ಆ ನಳಿಕೆಯೇ ಅವರಿಗೆ ಹೆಚ್ಚು ನೋವು ಕೊಟ್ಟಿತು. ಆಗ ಅವರು ಹೇಳಿದ್ದು: "ನೀವು ಕಾಲು ಅಲ್ಲಾಡಿಸಬೇಡ ಅಂದ್ರಿ ತಾಯಿ, ನಾನು ಕೈನೂ ಅಲ್ಲಾಡಿಸಲಿಲ್ಲ."

ಬೈದಿದ್ದರೆ ಮರೆತುಬಿಡುತ್ತಿದ್ದೆವೋ ಏನೋ. ಮಾಡಬಾರದ್ದನ್ನು ಹೇಳಿದ್ದೆವು, ಮಾಡಬಹುದಾದ್ದನ್ನು ಹೇಳಿರಲಿಲ್ಲ.

ಮಾಡಬಹುದಾದ್ದು ಬಹಳ ಇದೆ. ಆ ಒಂದು ಕಾಲು ನೇರ ಇದ್ದರೆ ಸಾಕು. ಇನ್ನೊಂದು ಕಾಲನ್ನು ಮಡಿಸಬಹುದು. ಎರಡೂ ಪಾದವನ್ನು ಹಿಂದೆ ಮುಂದೆ ಆಡಿಸುತ್ತಿರಬೇಕು, ರಕ್ತ ಓಡಾಡುತ್ತದೆ. ತಲೆಯ ಕಡೆ ಮಂಚವನ್ನು ಸ್ವಲ್ಪ, ಅಂದರೆ ಮೂವತ್ತು ಡಿಗ್ರಿಯಷ್ಟು, ಎತ್ತಿಸಿಕೊಳ್ಳಬಹುದು. ಆದರೆ ತಾನಾಗಿ ತಲೆ ಎತ್ತಿ ಏಳಲು ಹೋಗಬಾರದು, ಹೊಟ್ಟೆ ಬಿಗಿದು ತೂತಿನ ಮೇಲೆ ಒತ್ತಡ ಬೀಳುತ್ತದೆ. ಸೊಂಟದ ಕೆಳಗೆ ತೆಳ್ಳಗಿನ ಬಟ್ಟೆಯ ಸುರುಳಿ ಇಟ್ಟರೆ ಬೆನ್ನಿಗೆ ಎಷ್ಟೋ ಹಾಯ್ ಎನಿಸುತ್ತದೆ. ದಾದಿಯರ ಸಹಾಯದಿಂದ, ಕಾಲು ನೇರವಾಗಿಯೇ ಇಟ್ಟುಕೊಂಡು, ಇಡೀ ಮೈಯನ್ನು ಒಟ್ಟಿಗೆ ಪಕ್ಕಕ್ಕೆ ಹೊರಳಿಸಿಕೊಳ್ಳಬಹುದು. ಕೆಮ್ಮು ಸೀನು ಬಂದರೆ ಬ್ಯಾಂಡೇಜಿನ ಮೇಲೆ ಕೈಯಿಂದ ಒತ್ತಿ ಹಿಡಿದುಕೊಳ್ಳಿ. ನೀರು ಚೆನ್ನಾಗಿ ಕುಡಿಯಿರಿ, ಚಿತ್ರ ತೆಗೆಯಲು ಹಾಕಿದ ಔಷಧ ಮೂತ್ರದಲ್ಲಿ ಹೊರಗೆ ಹೋಗಬೇಕು. (ಕಿಡ್ನಿ ತೊಂದರೆ ಇರುವವರು, ಕಾಲು ಊದಿಕೊಂಡವರು ಎಷ್ಟು ಕುಡಿಯಬೇಕೆಂದು ಡಾಕ್ಟರನ್ನು ಕೇಳಿಯೇ ಕುಡಿಯಬೇಕು.) ಮೂತ್ರಕ್ಕೆ ಬಂದರೆ ಬಾಯಿಬಿಟ್ಟು ಹೇಳಿ. ಪರದೆ ಎಳೆಯುತ್ತೇವೆ, ಸೊಸೆಯನ್ನು ಕಾಫಿ ತರಲು ಕಳಿಸುತ್ತೇವೆ, ಗಂಡಸು ಅಟೆಂಡರನ್ನು ಕರೆಯುತ್ತೇವೆ. ಇದರಲ್ಲಿ ನಾಚಿಕೆ ಇಲ್ಲ. ಬೆನ್ನು ನೋವು ತಡೆಯಲಾಗದಿದ್ದರೆ ಅದನ್ನೂ ಹೇಳಿ, ಮಾತ್ರೆ ಇದೆ. ಬೆನ್ನಿನಲ್ಲೋ ಪಕ್ಕೆಯಲ್ಲೋ ಜೋರು ನೋವು ಅಂದರೆ ಕೆಲವು ಸಲ ಒಳಗೇ ರಕ್ತ ಸೋರುತ್ತಿರುವ ಸೂಚನೆಯೂ ಆಗಿರಬಹುದು. ನೀವು ಹಲ್ಲು ಕಚ್ಚಿ ತಡೆದುಕೊಂಡರೆ ನಮಗೆ ಗೊತ್ತಾಗುವುದಿಲ್ಲ.

ಆ ಮರಳಿನ ಚೀಲದ ಮಾತು ಬಂತಲ್ಲ, ಅದರಿಂದ ರಕ್ತಸ್ರಾವವೇನೂ ಕಡಿಮೆಯಾಗುವುದಿಲ್ಲ, ರೋಗಿಗೆ ಭಾರ ಮಾತ್ರ ಎಂದು ಆಮೇಲೆ ಅಧ್ಯಯನಗಳಿಂದ ತಿಳಿದುಬಂತು. ಮಲಗುವ ಅವಧಿಯೂ ಹಾಗೆಯೇ. ಹಿಂದೆ ರಾತ್ರಿಯಿಡೀ ಮಲಗಿಸುತ್ತಿದ್ದೆವು. ಸಣ್ಣ ನಳಿಕೆಯ ಆಂಜಿಯೋಗ್ರಾಮ್ ಆದವರನ್ನು ಎರಡರಿಂದ ನಾಲ್ಕು ಗಂಟೆಯೊಳಗೆ ಎಬ್ಬಿಸಿದರೂ ರಕ್ತಸ್ರಾವ ಹೆಚ್ಚಾಗುವುದಿಲ್ಲ, ಬೆನ್ನುನೋವು ಮಾತ್ರ ಕಡಿಮೆಯಾಗುತ್ತದೆ ಎಂದು ಈಗ ಗೊತ್ತಾಗಿದೆ. ಯಾರಿಗೆ ಎಷ್ಟು ಗಂಟೆ ಎನ್ನುವುದನ್ನು ಡಾಕ್ಟರೇ ಹೇಳಬೇಕು. ನೀವು ಕೇಳಿ ತಿಳಿದುಕೊಳ್ಳಬೇಕು.

ಹೃದ್ರೋಗಿಯನ್ನು ಮಲಗಿಸಿಯೇ ಇಡುವ ಅಭ್ಯಾಸ ನಮ್ಮ ದೇಶದ್ದು ಮಾತ್ರ ಅಲ್ಲ. ಅಮೆರಿಕದಲ್ಲೂ ಹಾರ್ಟ್ ಅಟ್ಯಾಕ್ ಆದವರನ್ನು ನಾಲ್ಕಾರು ವಾರ ಹಾಸಿಗೆಯಿಂದ ಇಳಿಸುತ್ತಲೇ ಇರಲಿಲ್ಲ. 1952ರಲ್ಲಿ ಬೋಸ್ಟನ್ನಿನ ಲೆವೀನ್ ಮತ್ತು ಲೌನ್ ಎಂಬ ವೈದ್ಯರು ಅಂಥವರನ್ನು ಬೇಗನೆ ಕುರ್ಚಿಯಲ್ಲಿ ಕೂರಿಸಿ ನೋಡಿದರು. ಅದರಿಂದ ಕೆಡುಕಾಗಲಿಲ್ಲ, ಒಳ್ಳೆಯದೇ ಆಯಿತು. ಇನ್ನು ಈ ನಳಿಕೆಯ ಮೂಲಪುರುಷನ ಕಥೆ ಕೇಳಿ. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನಲ್ಲಿ ಫೋರ್ಸ್‌ಮನ್ ಎಂಬ ಯುವ ಡಾಕ್ಟರು ತನ್ನ ತೋಳಿನ ಸಿರೆಯಿಂದ ತಾನೇ ನಳಿಕೆ ತೂರಿಸಿಕೊಂಡರು. ಮೇಲಿನವರು ಬೇಡ ಎಂದಿದ್ದರು. ಸಾಮಾನು ನರ್ಸಿನ ವಶದಲ್ಲಿತ್ತು. ನಿನಗೇ ಹಾಕುತ್ತೇನೆಂದು ನಂಬಿಸಿ, ಆಕೆಯನ್ನು ಮೇಜಿಗೆ ಕಟ್ಟಿ, ತನಗೆ ಹಾಕಿಕೊಂಡರು! (ನಮ್ಮ ಕಸುಬಿನವರಿಗೆ ಈ ಭಾಗ ಅಷ್ಟು ಹಿಡಿಸುವುದಿಲ್ಲ.) ನಳಿಕೆ ಒಳಗಿರುವಾಗಲೇ ನಡೆದು ಎಕ್ಸ್‌ರೇ ಕೋಣೆಗೆ ಹೋಗಿ ಚಿತ್ರ ತೆಗೆಸಿದರು. 1956ರಲ್ಲಿ ಅವರಿಗೆ ಇನ್ನಿಬ್ಬರೊಂದಿಗೆ ನೊಬೆಲ್ ಬಹುಮಾನ ಬಂತು. ಮೊದಲನೇ ರೋಗಿ ನಡೆದೇ ಹೋಗಿದ್ದ ಎನ್ನುವುದನ್ನು ಜಗತ್ತು ಬಹಳ ವರ್ಷ ಮರೆತಂತಿತ್ತು.

ಈಗ ಹೆಚ್ಚಿನವರಿಗೆ ಮಣಿಕಟ್ಟಿನಿಂದಲೇ ನಳಿಕೆ ಹಾಕುತ್ತಾರೆ. 1989ರಲ್ಲಿ ಕೆನಡಾದ ಕಾಂಪೋ ಎಂಬವರು ಈ ದಾರಿ ತೋರಿಸಿದರು. ಇದರಲ್ಲಿ ತೊಡೆಯ ತಂಟೆಯೇ ಇಲ್ಲ. ಎದ್ದು ಕೂರಬಹುದು, ಸ್ವಲ್ಪ ಹೊತ್ತಿಗೆ ತಾನೇ ಶೌಚಕ್ಕೆ ಹೋಗಬಹುದು. ಆದರೆ ಸುಲಭ ಅಂತ ಸಲಿಗೆ ಕೂಡದು. ಒಬ್ಬ ಹುಡುಗ ಮೂರನೇ ದಿನವೇ ಎರಡು ಹಸು ಕರೆದು, ಹಾಲಿನ ಕ್ಯಾನನ್ನು ಅದೇ ಕೈಯಲ್ಲಿ ಎತ್ತಿಕೊಂಡು ಡೇರಿಗೆ ನಡೆದ. ಮಣಿಕಟ್ಟು ಬದನೆಕಾಯಿ ಬಣ್ಣಕ್ಕೆ ತಿರುಗಿ ಊದಿಕೊಂಡಿತು. ಹಾಲು ಕರೆಯುವುದೆಂದರೆ ಮಣಿಕಟ್ಟಿಗೇ ಕೆಲಸ. ಡಾಕ್ಟರು ಹೇಳಿದಷ್ಟು ದಿನ ಮನೆಯ ಬೇರೆಯವರು ಕರೆಯಲಿ.

ಮೊದಲ ಸಲ ಏಳುವುದನ್ನು ಹಂತಹಂತವಾಗಿ ಮಾಡಬೇಕು. ಪಕ್ಕದಲ್ಲಿ ನಾವಿರಬೇಕು. ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಐದು ನಿಮಿಷ ಕೂತು, ತಲೆ ಸುತ್ತದಿದ್ದರೆ ನಿಂತು, ಆಮೇಲೆ ನಾಲ್ಕು ಹೆಜ್ಜೆ. ಬ್ಯಾಂಡೇಜು ಒದ್ದೆಯಾದರೆ, ಬೆನ್ನ ಕೆಳಗೆ ಬೆಚ್ಚಗೆ ಹರಿದ ಹಾಗನಿಸಿದರೆ, ಗಡ್ಡೆ ಬೆಳೆಯುತ್ತಿದ್ದರೆ, ಕಾಲು ತಣ್ಣಗಾಗಿ ಜೋಮು ಹಿಡಿದರೆ ತಕ್ಷಣ ಕೂಗಿ. ಹಾರ್ಟ್ ಅಟ್ಯಾಕ್ ಆಗಿ ತುರ್ತಾಗಿ ಸ್ಟೆಂಟ್ ಹಾಕಿಸಿಕೊಂಡವರ ಲೆಕ್ಕ ಬೇರೆ. ಅವರಿಗೆ ಹೃದಯಕ್ಕೂ ಸ್ವಲ್ಪ ವಿಶ್ರಾಂತಿ ಬೇಕು, ಡಾಕ್ಟರು ಹೇಳಿದ ಹಾಗೇ ಏಳಬೇಕು.

ಮನೆಗೆ ಬಂದ ಮೇಲೆ ನಮ್ಮ ಹಳ್ಳಿಯ ತೊಂದರೆ ಕುಕ್ಕರಗಾಲಿನದು. ತೊಡೆಯಿಂದ ಮಾಡಿಸಿಕೊಂಡವರು ಕೆಲವು ದಿನ ಕುಕ್ಕರಗಾಲಿನಲ್ಲಿ ಕೂರಬಾರದು. ಪ್ಲಾಸ್ಟಿಕ್ ಕುರ್ಚಿಗೆ ತೂತು ಕೊರೆದು ಶೌಚಕ್ಕೆ ಇಟ್ಟುಕೊಂಡವರಿದ್ದಾರೆ, ಒಳ್ಳೆಯ ಉಪಾಯ. ಬೈಕಿನ ಕಿಕ್ ಹೊಡೆಯಬೇಡಿ, ಹುಲ್ಲಿನ ಹೊರೆ ಎತ್ತಬೇಡಿ. ಅಂಗಳದಲ್ಲಿ ನಡೆಯಿರಿ, ದಿನದಿನಕ್ಕೂ ಸ್ವಲ್ಪ ಹೆಚ್ಚಿಸಿ. ಮೂರು ವಾರ ಮಂಚದ ಮೇಲೇ ಊಟ ಬಡಿಸಿ, ತಪಾಸಣೆಗೆ ಕರೆತಂದಾಗ ಮೆಟ್ಟಿಲು ಹತ್ತಲಾರದಷ್ಟು ಕಾಲು ಸೋತವರನ್ನು ನೋಡಿದ್ದೇವೆ. ಪ್ರೀತಿಯಿಂದ ಮಾಡಿದ್ದೇ, ಏನು ಹೇಳೋಣ. ತೂತಿನಿಂದ ರಕ್ತ ಬಂದರೆ ಕಾಫಿಪುಡಿ, ಅರಿಶಿನ ಮೆತ್ತಬೇಡಿ. ಚಪ್ಪಟೆಯಾಗಿ ಮಲಗಿಸಿ, ತೂತಿನ ಮೇಲೂ ಅದರ ತುಸು ಮೇಲ್ಗಡೆಗೂ ಗಟ್ಟಿಯಾಗಿ ಒತ್ತಿ ಹಿಡಿದು, ಮತ್ತೆ ಮತ್ತೆ ಕೈತೆಗೆದು ಇಣುಕದೆ, 108ಕ್ಕೆ ಫೋನ್ ಮಾಡಿ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಡುವ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಮಾತ್ರ ಬೇಡವೇ ಬೇಡ. ಸ್ಟೆಂಟ್ ಕಟ್ಟಿಕೊಂಡು ಪ್ರಾಣಕ್ಕೇ ಸಂಚಕಾರ.

ಆಸ್ಪತ್ರೆಗೆ ಹೊರಡುವಾಗ ಚೀಲದಲ್ಲಿ ಒಂದು ಸಡಿಲವಾದ ಪಂಚೆ ಅಥವಾ ನೈಟಿ, ಮಲಗಿಯೇ ಕುಡಿಯಲು ಬಗ್ಗುವ ಸ್ಟ್ರಾ, ಸೊಂಟದ ಕೆಳಗಿಡಲು ಒಂದು ಹಳೇ ಟವೆಲು ಇರಲಿ. ಬಿ.ಪಿ. ನೋಡುವ ಮೇಜನ್ನು ಪಕ್ಕದ ಕೊಠಡಿಯಲ್ಲಿ ಹಾಕಿದ್ದೇವೆ. ಈಗ ತಾನೇ ಹಾಲು ಹಾಕಿ ಬಿರಬಿರನೆ ಬಂದವರು ಹತ್ತು ನಿಮಿಷ ಕೂತು ಸುಧಾರಿಸಿಕೊಂಡು ಬನ್ನಿ.