ಹುಣಸೆ ಮರ ಬಿಟ್ಟು ಗೂಡಿಗೆ

ಕೋಳಿಗೆ ಹಾರಲು ಬರುವುದಿಲ್ಲ ಎನ್ನುವವರು ಸಂತೆಯಿಂದ ತಂದ ನಾಟಿ ಹ್ಯಾಟೆಯನ್ನು ಮೊದಲ ಸಂಜೆಯೇ ಹೊರಗೆ ಬಿಟ್ಟು ನೋಡಬೇಕು. ಹೊಳಲ್ಕೆರೆ, ಹೊಸದುರ್ಗದ ತೋಟದ ಮನೆಗಳಿಗೆ ಈ ನೋಟ ಹೊಸದೇನಲ್ಲ: ಮನೆಯವರು ಕೋಲು ಹಿಡಿದು ಕೆಳಗೆ, ಕೋಳಿ ಹುಣಸೆ ಕೊಂಬೆಯ ಮೇಲೆ.

ಕೋಳಿಯ ಕಡೆಯಿಂದ ನೋಡಿದರೆ ಇದರಲ್ಲಿ ಹಟವೇನೂ ಇಲ್ಲ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. ದಕ್ಷಿಣ ಭಾರತದ ಬೂದು ಕಾಡುಕೋಳಿಯ ರಕ್ತವೂ ಅದರಲ್ಲಿ ಒಂದಿಷ್ಟು ಬೆರೆತಿದೆ. ಕೆಲವು ಕೋಳಿಗಳ ಹಳದಿ ಚರ್ಮ ಅಲ್ಲಿಂದ ಬಂದದ್ದೆಂದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಈ ಎರಡೂ ಹಕ್ಕಿಗಳು ರಾತ್ರಿ ಕಳೆಯುವುದು ಮರದ ಮೇಲೆ. ಕತ್ತಲಾದ ಮೇಲೆ ಕೋಳಿಗೆ ಕಣ್ಣು ಕಾಣುವುದು ಅಷ್ಟಕ್ಕಷ್ಟೆ. ಹಾಗಾಗಿ ಬೆಳಕಿರುವಾಗಲೇ ಎತ್ತರದ ಜಾಗ ಹಿಡಿಯುವುದು ಅದರ ಹುಟ್ಟುಗುಣ. ಆದರೆ ಕಾಡುಬೆಕ್ಕಿಗೂ ಮರ ಹತ್ತಲು ಬರುತ್ತದೆ. ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರ ತಿರುಗಿಸುವ ಮುಂಗಾರಿನ ಗಾಳಿ ಕೋಳಿಯ ರೆಕ್ಕೆಪುಕ್ಕವನ್ನೂ ಬಿಡುವುದಿಲ್ಲ.

ಗಿರಿರಾಜನ ಕತೆ ಬೇರೆ. ಬೆಂಗಳೂರಿನಲ್ಲಿ ರೂಪುಗೊಂಡ ಈ ತಳಿ ಮೈಭಾರದ್ದು. ಮರ ಹತ್ತದೆ ಜಗಲಿಯ ಮೂಲೆಯಲ್ಲೇ ಮುದುರಿ ಕೂತು ಕಾಡುಬೆಕ್ಕಿಗೆ ಸುಲಭದ ತುತ್ತಾಗುತ್ತದೆ. 2005ರಲ್ಲಿ ಬಿಡುಗಡೆಯಾದ ಸ್ವರ್ಣಧಾರಾ ಮೈಯಲ್ಲಿ ಹಗುರ, ತಪ್ಪಿಸಿಕೊಳ್ಳುವುದರಲ್ಲಿ ಚುರುಕು. ಎರಡೂ ಸಾಮಾನ್ಯವಾಗಿ ಮೊಟ್ಟೆ ಒಡೆದು ಬರುವುದು ಯಂತ್ರದ ಕಾವಿನಲ್ಲಿ, ಬೆಳೆಯುವುದು ವಿದ್ಯುತ್ ಬಲ್ಬಿನ ಕೆಳಗೆ. ಸಂಜೆಯಾಯಿತು, ಮೇಲೆ ಹತ್ತು ಎಂದು ತೋರಿಸಿಕೊಡುವ ತಾಯಿ ಅವಕ್ಕಿಲ್ಲ. ಚಿಕ್ಕಂದಿನಲ್ಲಿ ಹತ್ತಿ ಕೂರಲು ಕಲಿಯದಿದ್ದರೆ ಏನಾಗುತ್ತದೆ ಎಂಬುದನ್ನು ಸ್ವೀಡನ್ನಿನ ಸಂಶೋಧಕರು ಪರೀಕ್ಷಿಸಿದ್ದಾರೆ. ಎಂಟು ವಾರದವರೆಗೆ ಕೂರುಗೋಲನ್ನೇ ಕಾಣದ ಮರಿಗಳು ದೊಡ್ಡವಾದ ಮೇಲೆ ಎತ್ತರದಲ್ಲಿಟ್ಟ ಆಹಾರವನ್ನು ಮುಟ್ಟಲು ಒದ್ದಾಡಿದವು ಎಂದು 2000ದಲ್ಲಿ ಪ್ರಕಟವಾದ ಅವರ ವರದಿ ಹೇಳುತ್ತದೆ. ಇಂಥ ಮರಿ ತಂದವರು ಗೂಡಿನ ಕೋಲನ್ನು ಮೊದಲು ಮೊಳದೆತ್ತರಕ್ಕಿಂತ ಕೆಳಗೇ ಕಟ್ಟುವುದು ವಾಸಿ.

ಹೊಸ ಕೋಳಿಯನ್ನು ಒಂದು ವಾರ ಹೊರಗೆ ಬಿಡಲೇಬಾರದು. ನೀರು, ಮೇವು ಗೂಡಿನೊಳಗೇ. ಮನೆ ಯಾವುದೆಂದು ಅಷ್ಟರಲ್ಲಿ ಅದಕ್ಕೆ ಗೊತ್ತಾಗುತ್ತದೆ. ಆಮೇಲೂ ಮೊದಮೊದಲು ಬಿಡುವುದು ಹೊತ್ತು ಮುಳುಗಲು ಒಂದು ಗಂಟೆ ಇರುವಾಗ, ಹಸಿದ ಹೊಟ್ಟೆಯಲ್ಲಿ. ಮೆಕ್ಕೆಜೋಳದ ನುಚ್ಚನ್ನು ಗೂಡಿನೊಳಗೆ ಚೆಲ್ಲಿದರೆ ಅದು ತಾನೇ ಬರುತ್ತದೆ. ಅಟ್ಟಾಡಿಸಿದರೆ ಮಾತ್ರ ಕೆಲಸ ಕೆಟ್ಟಂತೆಯೇ. ಗೂಡೆಂದರೆ ಹೆದರಿಕೆ ಎಂದು ಕೋಳಿ ಕಲಿಯುತ್ತದೆ. ಮರದಲ್ಲಿ ಕೂತದ್ದನ್ನು ಪೂರ್ತಿ ಕತ್ತಲಾದ ಮೇಲೆ ಮೆಲ್ಲಗೆ ಎತ್ತಿ ತಂದು ಗೂಡಿನ ಕೋಲಿನ ಮೇಲೆ ಕೂರಿಸಬೇಕು. ಆ ಹೊತ್ತಿನಲ್ಲಿ ಅದು ಕೊಸರಾಡುವುದು ಕಡಿಮೆ.

ಗೂಡೂ ಕೂರುವಂತಿರಬೇಕಲ್ಲ! ಹಿರಿಯೂರಿನ ಏಪ್ರಿಲ್ ಬಿಸಿಲಿಗೆ ಕಾದ ತಗಡಿನ ಗೂಡು ಸಂಜೆ ಏಳಕ್ಕೂ ಬೇಯುತ್ತಿರುತ್ತದೆ. ಮೇಲೊಂದು ತೆಂಗಿನ ಗರಿಯ ಹೊದಿಕೆ, ತಲೆಮಟ್ಟಕ್ಕಿಂತ ಮೇಲೆ ಗಾಳಿಯಾಡಲು ಜಾಲರಿ, ಮುಂಗಾರಿನ ಗಾಳಿಗೆ ಬೆನ್ನು ಮಾಡಿ ಪೂರ್ವಕ್ಕೆ ಬಾಗಿಲು, ಇಷ್ಟಿದ್ದರೆ ಅರ್ಧ ಜಗಳ ಮುಗಿಯುತ್ತದೆ. ಕೂರುವ ಕೋಲು ಮೊಟ್ಟೆಯಿಡುವ ಬುಟ್ಟಿಗಿಂತ ಎತ್ತರದಲ್ಲಿರಲಿ. ಇಲ್ಲವಾದರೆ ಅವು ಬುಟ್ಟಿಯಲ್ಲೇ ಮಲಗಿ, ಹಿಕ್ಕೆ ಹಾಕಿ, ಮೊಟ್ಟೆ ಹೊಲಸು ಮಾಡುತ್ತವೆ.

ಮನೆಯಲ್ಲಿ ಹಳೆಯ ಕೋಳಿಗಳಿದ್ದರೆ ಪೇಚು ಹೆಚ್ಚು. ಯಾರು ಯಾರನ್ನು ಕುಕ್ಕಬಹುದು ಎಂಬುದಕ್ಕೆ ಹಿಂಡಿನಲ್ಲಿ ಕಟ್ಟುನಿಟ್ಟಾದ ಕ್ರಮವಿದೆ ಎಂದು ನಾರ್ವೆಯ ಶೆಲ್ಡೆರಪ್ ಎಬ್ಬೆ ನೂರು ವರ್ಷದ ಹಿಂದೆಯೇ ಗುರುತಿಸಿದ್ದ. ಹಳೆಯ ಹ್ಯಾಟೆಗಳು ಬಾಗಿಲಲ್ಲೇ ನಿಂತು ಹೊಸಬರನ್ನು ಓಡಿಸುತ್ತವೆ. ಕೊಕ್ಕರೆ ರೋಗದ ಭಯವೂ ಇರುವುದರಿಂದ ಮೂರು ವಾರ ಹೊಸದನ್ನು ದೂರವೇ ಇಡುವುದು, ನಂತರ ನಡುವೆ ಜಾಲರಿ ಕಟ್ಟಿ ಮುಖಪರಿಚಯ ಮಾಡಿಸುವುದು, ಕೊನೆಗೆ ರಾತ್ರಿ ಸದ್ದಿಲ್ಲದೆ ಪಕ್ಕಕ್ಕೆ ಕೂರಿಸುವುದು ಒಳ್ಳೆಯ ದಾರಿ.

ಮೊನ್ನೆಯವರೆಗೆ ಗೂಡಿಗೆ ಬರುತ್ತಿದ್ದ ಹಿಂಡೆಲ್ಲ ಒಮ್ಮೆಗೇ ಒಳಹೋಗಲು ಒಲ್ಲೆನೆಂದರೆ ರಾತ್ರಿ ಟಾರ್ಚ್ ಹಿಡಿದು ಕೋಲಿನ ಸಂದುಗಳನ್ನು ನೋಡಬೇಕು. ಹಗಲೆಲ್ಲ ಬಿರುಕಿನಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುವ ಸಣ್ಣ ಕೆಂಪು ಹುಳುಗಳು ಅಲ್ಲಿ ಸಿಗಬಹುದು. ಗೂಡು ತೊಳೆದು, ಒಣಗಿಸಿ, ಬಿರುಕು ಮುಚ್ಚುವಂತೆ ಸುಣ್ಣ ಬಳಿಯುವುದು ಆಗಿನ ಕೆಲಸ. ಹುಳು ಕಾಣದಿದ್ದರೆ ಬರಿಗೈ ಹಾಕುವುದು ಬೇಡ. ಮೊಟ್ಟೆಯ ಆಸೆಗೆ ಬಂದ ಹಾವು ಒಳಗೆ ಸುರುಳಿ ಸುತ್ತಿಕೊಂಡಿರಬಹುದು.