ಬಾಗಿಲಲ್ಲಿ ತಡೆದವರ ಪಟ್ಟಿ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘದಲ್ಲಿ ಹಿಂದೆ ರೈಲ್ವೆಯವರೂ ಕಾರಖಾನೆಯವರೂ ಹೆಚ್ಚು. ಈಗ ಕಲಬುರಗಿ, ಬೀದರ, ರಾಯಚೂರುಗಳಿಂದ ಬಂದು ಮಾಧಾಪುರ, ಗಚ್ಚಿಬೌಲಿಗಳ ಕಂಪ್ಯೂಟರ್ ಕಚೇರಿಗಳಲ್ಲಿ ದುಡಿಯುವ ಮಕ್ಕಳೂ ಸೇರಿದ್ದಾರೆ. ಇಬ್ಬರಿಗೂ ತಿಳಿಯುವಂತೆ ಮಾತಾಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆ. ಪ್ರಯತ್ನಿಸುತ್ತೇನೆ.

ಕಾರಖಾನೆಯ ಗೇಟಿನಲ್ಲಿ ಕಾವಲುಗಾರನಿರುವಂತೆ ವೆಬ್‌ಸೈಟಿನ ಮುಂದೆಯೂ ಒಬ್ಬ ಕಾವಲುಗಾರನಿದ್ದಾನೆ. ಅವನ ಹೆಸರು ವೆಬ್ ಅಪ್ಲಿಕೇಶನ್ ಫೈರ್‌ವಾಲ್. ಬರುವ ಪ್ರತಿಯೊಂದು ಕೋರಿಕೆಯನ್ನೂ ನೋಡಿ ಅದನ್ನು ಒಳಗೆ ಬಿಡುವುದು ಅಥವಾ ಹಿಂದಕ್ಕೆ ಕಳಿಸುವುದು ಅವನ ಕೆಲಸ. ಅವನ ಕೈಯಲ್ಲಿ ಪಟ್ಟಿಗಳಿರುತ್ತವೆ. ಇಂಥ ಐಪಿ ವಿಳಾಸದವರನ್ನು ಬಿಡಬೇಡ, ಇಂಥವರನ್ನು ವಿಚಾರಿಸದೆ ಬಿಡು ಎಂದು ಅವುಗಳಲ್ಲಿ ಬರೆದಿರುತ್ತದೆ. ನಾನು ಹೇಳಹೊರಟಿರುವುದು ಈ ಪಟ್ಟಿಗಳನ್ನು ಯಾರು, ಹೇಗೆ ಬರೆಯಬೇಕು ಎಂಬುದರ ಬಗ್ಗೆ.

ಹಳೆಯ ಮಾದರಿಯ ಐಪಿ ವಿಳಾಸವೆಂದರೆ ಚುಕ್ಕೆಗಳಿಂದ ಬೇರ್ಪಡಿಸಿದ ನಾಲ್ಕು ಅಂಕಿಗಳು. ಹೀಗೆ ಒಟ್ಟು ಸುಮಾರು 429 ಕೋಟಿ ವಿಳಾಸಗಳಾಗುತ್ತವೆ. ಪಟ್ಟಿಯಲ್ಲಿ ವಿಳಾಸದ ಮುಂದೆ ಒಂದು ಓರೆಗೆರೆ ಎಳೆದು ಇನ್ನೊಂದು ಅಂಕಿ ಬರೆಯುತ್ತಾರೆ. ಅದು 32 ಆದರೆ ಒಂದೇ ವಿಳಾಸ. 24 ಆದರೆ 256. 16 ಆದರೆ 65,536. 8 ಆದರೆ 1 ಕೋಟಿ 67 ಲಕ್ಷಕ್ಕೂ ಮೇಲೆ. ಅಂಕಿ ಚಿಕ್ಕದಾದಷ್ಟೂ ಬಲೆ ದೊಡ್ಡದು. ಎ.ಡಬ್ಲ್ಯು.ಎಸ್. ಫೈರ್‌ವಾಲಿನ ಪಟ್ಟಿ 0 ಎಂಬುದನ್ನು ಮಾತ್ರ ತಿರಸ್ಕರಿಸುತ್ತದೆ. ಉಳಿದ ಯಾವ ಅಂಕಿಯನ್ನು ಬರೆದರೂ, "ಅಯ್ಯಾ, ಇಷ್ಟು ಜನವನ್ನೇ?" ಎಂದು ಕೇಳುವುದಿಲ್ಲ.

ಒಂದು ವಿಳಾಸವೆಂದರೆ ಒಬ್ಬ ಮನುಷ್ಯ ಎಂದು ತಿಳಿಯುವವರು ಬಹಳ. ಅದು ಹಾಗಲ್ಲ. ಅಮೀರಪೇಟೆಯ ಒಂದು ಹಾಸ್ಟೆಲಿನಲ್ಲಿ ನೂರು ಹುಡುಗರಿದ್ದರೂ ಹೊರಗಿನ ಲೋಕಕ್ಕೆ ಕಾಣುವುದು ಒಂದೇ ವಿಳಾಸವಿರಬಹುದು. ಮೊಬೈಲ್ ಕಂಪನಿಗಳೂ ವಿಳಾಸದ ಅಭಾವದಿಂದಾಗಿ ಸಾವಿರಾರು ಗಿರಾಕಿಗಳನ್ನು ಒಂದೇ ವಿಳಾಸದ ಹಿಂದೆ ಕೂಡಿಸುವುದುಂಟು. 2007ರ ಹೊಸ ವರ್ಷದ ದಿನ ನಡೆದುದನ್ನು ಕೇಳಿ. ವಿಕಿಪೀಡಿಯದಲ್ಲಿ ಕಿಡಿಗೇಡಿತನ ಮಾಡುತ್ತಿದ್ದ ಒಂದು ವಿಳಾಸವನ್ನು ತಡೆದರು. ಆಮೇಲೆ ನೋಡಿದರೆ ಕತಾರ್ ದೇಶದ ಹೆಚ್ಚುಕಡಿಮೆ ಎಲ್ಲ ಸಂಚಾರವೂ ಆ ಒಂದೇ ವಿಳಾಸದಿಂದ ಬರುತ್ತಿತ್ತು! ತಪ್ಪು ಗೊತ್ತಾಗಿ ತಡೆಯನ್ನು ಬೇಗನೆ ತೆಗೆದರು, ಅದು ಸುದ್ದಿಯೂ ಆಯಿತು. ಹಾಸ್ಟೆಲಿನ ಹುಡುಗ ಉದ್ಯೋಗದ ಅರ್ಜಿ ತುಂಬುವ ಕಡೆಯ ದಿನ ಪರದೆಯ ಮೇಲೆ "403" ಎಂಬ ಅಂಕಿಯನ್ನು ಕಂಡು ಸುಮ್ಮನಾದರೆ ಅದು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ದೊಡ್ಡ ಕಂಪನಿಗಳ ನೆಲೆಯಲ್ಲಿ ಹತ್ತಾರು ವಿಳಾಸಗಳ ಹಿಂದೆ ಕುಳಿತವರಿಗಿಂತ, ಒಂದು ವಿಳಾಸವನ್ನು ನೂರು ಮಂದಿ ಹಂಚಿಕೊಂಡ ಬಡವರಿಗೇ ಈ ಏಟು ಹೆಚ್ಚು.

ಇನ್ನು ಪಟ್ಟಿಯ ಸ್ವಭಾವ. ಒಂದು ಪಟ್ಟಿಯಲ್ಲಿ 10,000 ಸಾಲುಗಳವರೆಗೆ ಬರೆಯಬಹುದು. ಆದರೆ ವಿಳಾಸವನ್ನು ಬಿಟ್ಟು ಆ ಸಾಲಿನಲ್ಲಿ ಬೇರೇನೂ ಇರುವುದಿಲ್ಲ. ಏಕೆ ತಡೆದರು, ಯಾರು ತಡೆದರು, ಎಂದಿನವರೆಗೆ, ಯಾವುದೂ ಇಲ್ಲ. ಅವಧಿ ಮುಗಿದೊಡನೆ ಸಾಲು ತಾನಾಗಿ ಅಳಿಯುವುದೂ ಇಲ್ಲ. ಒಂದು ರಾತ್ರಿಯ ದಾಳಿಗೆಂದು ಬರೆದ ವಿಳಾಸ ಮೂರು ವರ್ಷವಾದರೂ ಅಲ್ಲೇ ಕುಳಿತಿರುತ್ತದೆ. ಬರೆದವನು ಕೆಲಸ ಬಿಟ್ಟು ಹೋಗಿರುತ್ತಾನೆ, ಅಳಿಸಲು ಯಾರಿಗೂ ಧೈರ್ಯವಿರುವುದಿಲ್ಲ.

ಇನ್ನೊಂದು ಅಪಾಯವಿದೆ. ಪಟ್ಟಿಗೆ ಒಂದು ಸಾಲನ್ನು ಮಾತ್ರ ಸೇರಿಸುವ ಆಜ್ಞೆ ಇಲ್ಲ. ಇಡೀ ಪಟ್ಟಿಯನ್ನು ಓದಿ, ತಿದ್ದಿ, ಇಡಿಯಾಗಿಯೇ ಮರಳಿ ಕಳಿಸಬೇಕು. ಇಬ್ಬರು ಏಕಕಾಲಕ್ಕೆ ಓದಿ ಒಬ್ಬರ ಹಿಂದೊಬ್ಬರು ಕಳಿಸಿದರೆ ಮೊದಲಿನವನ ಕೆಲಸ ಅಳಿಸಿಹೋಗಬೇಕಷ್ಟೆ. ಇದನ್ನು ತಡೆಯಲೆಂದೇ ಲಾಕ್ ಟೋಕನ್ ಎಂಬುದನ್ನಿಟ್ಟಿದ್ದಾರೆ. ರೈಲ್ವೆಯ ಹಿರಿಯರಿಗೆ ಇದು ಬೇಗ ಅರ್ಥವಾದೀತು. ಒಂಟಿ ಹಳಿಯ ಮಾರ್ಗದಲ್ಲಿ ಟೋಕನ್ ಚೆಂಡು ಕೈಗೆ ಬರದೆ ಡ್ರೈವರ್ ಗಾಡಿ ಬಿಡುವಂತಿರಲಿಲ್ಲ. ವ್ಯತ್ಯಾಸವಿಷ್ಟೆ: ಅಲ್ಲಿ ಚೆಂಡು ಒಬ್ಬನಿಗೆ ಮಾತ್ರ, ಇಲ್ಲಿ ಓದಿದವರೆಲ್ಲರಿಗೂ ಟೋಕನ್ ಕೊಡುತ್ತಾರೆ, ಮೊದಲು ಬರೆದವನದು ನಡೆಯುತ್ತದೆ, ಮಿಕ್ಕವರದು ರದ್ದಾಗುತ್ತದೆ.

ರದ್ದಾದಾಗ ಏನು ಮಾಡಬೇಕು? ನಮ್ಮ ತರುಣರು ಇಲ್ಲಿ ಗಮನಿಸಬೇಕು. ಅವಸರದವರು ಹೊಸ ಟೋಕನ್ ಪಡೆದು ಹಳೆಯ ಪಟ್ಟಿಯನ್ನೇ ಮತ್ತೆ ಕಳಿಸುವಂತೆ ಕೋಡ್ ಬರೆಯುತ್ತಾರೆ. ಟೋಕನ್ ಹೊಸದು, ಪಟ್ಟಿ ಹಳೆಯದು. ಸಹೋದ್ಯೋಗಿಯ ಸಾಲು ಹೋಗೇ ಹೋಯಿತು. ಪಟ್ಟಿಯನ್ನೇ ಹೊಸದಾಗಿ ಓದಿ, ತನ್ನ ಬದಲಾವಣೆಯನ್ನು ಅದರ ಮೇಲೆ ಮಾಡಿ ಆಮೇಲೆ ಕಳಿಸತಕ್ಕದ್ದು.

ಇದಕ್ಕಿಂತ ಮೇಲಾದ ಕ್ರಮವೆಂದರೆ ಪಟ್ಟಿಯ ಮೂಲವನ್ನು ಒಂದು ಕಡತದಲ್ಲಿಟ್ಟು ಗಿಟ್‌ನಲ್ಲಿ ಕಾಪಾಡುವುದು. ಅಲ್ಲಿಂದ ಟೆರ್ರಾಫಾರ್ಮಿನಂತಹ ಸಾಧನ ಅದನ್ನು ಫೈರ್‌ವಾಲಿಗೆ ಒಯ್ಯಲಿ. ಉದಾಹರಣೆಗೆಂದೇ ಮೀಸಲಾಗಿರುವ ಒಂದು ವಿಳಾಸವನ್ನು ಹೇಳುತ್ತೇನೆ: 203.0.113.45, ಓರೆಗೆರೆ, 32. ಅದರ ಪಕ್ಕದಲ್ಲೇ ಕಾರಣ, ಬರೆದವರು, ಮುಗಿಯುವ ದಿನಾಂಕ ಮೂರೂ ಇರಲಿ. ಇನ್ನೊಬ್ಬರು ಓದಿ ಒಪ್ಪದೆ ಸಾಲು ಒಳಗೆ ಹೋಗಕೂಡದು. 24ಕ್ಕಿಂತ ದೊಡ್ಡ ಬಲೆಯಿದ್ದರೆ, ದಿನಾಂಕವಿಲ್ಲದಿದ್ದರೆ, ನಮ್ಮ ಕಚೇರಿಯದೇ ವಿಳಾಸವಿದ್ದರೆ ಯಂತ್ರವೇ ನಿರಾಕರಿಸಲಿ. ಪ್ರತಿ ಬೆಳಿಗ್ಗೆ ಅವಧಿ ಮೀರಿದ ಸಾಲುಗಳನ್ನು ಅದೇ ತೆಗೆದುಹಾಕಲಿ. ಇಷ್ಟನ್ನು ಬರೆಯಲು ಒಬ್ಬ ಹುಡುಗಿಗೆ ಎರಡು ದಿನ ಸಾಕು. ಆ ಎರಡು ದಿನವನ್ನು ಕೊಡದ ಮೇಲಧಿಕಾರಿಗಳಿದ್ದಾರೆ, ಅದು ಬೇರೆಯ ಮಾತು.

ನಮ್ಮ ಊರಿಗೆ ಸಂಬಂಧಿಸಿದ ಒಂದು ವಿಷಯ. ಎ.ಡಬ್ಲ್ಯು.ಎಸ್.ನವರ ಮುಂಬಯಿ ಕೇಂದ್ರ 2016ರಲ್ಲಿ ಆರಂಭವಾಯಿತು, ಹೈದರಾಬಾದಿನದು 2022ರ ನವೆಂಬರಿನಲ್ಲಿ. ಮುಂಬಯಿಯಲ್ಲಿ ಬರೆದ ಪಟ್ಟಿ ಹೈದರಾಬಾದಿನಲ್ಲಿ ನಡೆಯುವುದಿಲ್ಲ, ಇಲ್ಲಿಗೆ ಪ್ರತ್ಯೇಕ ಪಟ್ಟಿ ಬೇಕು. ಎರಡೂ ಕಡೆ ಕೈಯಿಂದ ಬರೆದರೆ ಒಂದು ತಿಂಗಳೊಳಗೆ ಎರಡೂ ಬೇರೆಬೇರೆಯಾಗುವುದು ಖಂಡಿತ. ಒಂದೇ ಕಡತದಿಂದ ಎರಡು ಕಡೆಗೂ ಕಳಿಸಿದರೆ ಆ ತೊಂದರೆಯಿಲ್ಲ.

ಮಧ್ಯರಾತ್ರಿ ದಾಳಿಯಾದಾಗ ಕಡತ, ಒಪ್ಪಿಗೆ ಎಂದು ಕಾಯುವುದುಂಟೇ ಎಂದು ಕೇಳುವಿರಿ. ಕಾಯಬೇಡಿ, ಕೈಯಿಂದಲೇ ತಡೆಯಿರಿ. ಆದರೆ ಬೆಳಗಾಗುವುದರೊಳಗೆ ಆ ಸಾಲು ಕಡತಕ್ಕೆ ಬರಬೇಕು. ಇಲ್ಲವಾದರೆ ಟೆರ್ರಾಫಾರ್ಮ್ ಮರುದಿನ ಓಡಿದಾಗ ಕಡತದಲ್ಲಿಲ್ಲದ್ದನ್ನು ಅಳಿಸಿಬಿಡುತ್ತದೆ, ಬಾಗಿಲು ಮತ್ತೆ ತೆರೆಯುತ್ತದೆ. ಅವಸರವಿಲ್ಲದ ದಿನಗಳಲ್ಲಿ ಹೊಸ ಸಾಲನ್ನು ಮೊದಲು ಎಣಿಸುವುದಕ್ಕೆ ಮಾತ್ರ ಹಾಕಿ, ತಡೆದಿದ್ದರೆ ಯಾರು ಯಾರು ಸಿಕ್ಕಿಬೀಳುತ್ತಿದ್ದರು ಎಂಬುದನ್ನು ಒಂದು ದಿನ ನೋಡಬಹುದು. ಫೈರ್‌ವಾಲಿನ ಮುಂದೆ ಬೇರೆ ಮಧ್ಯವರ್ತಿ ಯಂತ್ರವಿದ್ದರೆ ಕಾಣುವುದು ಆ ಯಂತ್ರದ ವಿಳಾಸವೇ ಆಗಿರಬಹುದು. ಅದನ್ನು ತಡೆದರೆ ಎಲ್ಲರೂ ಹೊರಗೆ!

"ಪರದೇಶಗಳನ್ನೆಲ್ಲ ಮುಚ್ಚಿಬಿಡಿ" ಎನ್ನುವ ಮಹನೀಯರೂ ಉಂಟು. ದುಬೈಯಲ್ಲಿ ದುಡಿಯುವ ನಮ್ಮ ಮಂಗಳೂರಿನವನು ಊರಿನ ಮನೆಯ ಕರೆಂಟ್ ಬಿಲ್ ಕಟ್ಟುವುದು ಹೇಗೆ ಎಂದು ಅವರನ್ನು ಕೇಳಿರಿ.

ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ 180 ದಿನಗಳ ಲಾಗ್‌ಗಳನ್ನು ಇಡಲೇಬೇಕು. ಅವನ್ನು ಬೀರುವಿನಲ್ಲಿಟ್ಟಂತೆ ಇಡದೆ, ತಡೆಗೆ ಸಿಕ್ಕವರ ಮೊರೆಯನ್ನು ಪರಿಶೀಲಿಸಲು ಬಳಸಿರಿ. 403 ಎಂದು ತೋರಿಸುವ ಪುಟದಲ್ಲಿ ಒಂದು ಉಲ್ಲೇಖ ಸಂಖ್ಯೆಯೂ ಒಂದು ಫೋನ್ ನಂಬರೂ ಇರಲಿ, ಕನ್ನಡದಲ್ಲೂ ತೆಲುಗಿನಲ್ಲೂ ಎರಡು ಸಾಲು ವಿವರಣೆಯಿರಲಿ. ಆ ನಂಬರಿಗೆ ಕರೆ ಬಂದಾಗ ಎತ್ತಿಕೊಳ್ಳುವವರು ಯಾರೆಂಬುದನ್ನೂ ಅದೇ ಕಡತದ ಮೊದಲ ಸಾಲಿನಲ್ಲಿ ಬರೆದಿಡಿ.